ಹವಾಮಾನದ ದುಡ್ಡು ನಮ್ಮ ಬಯಲುಸೀಮೆಗೆ ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ನವೆಂಬರ್ ಬಂತೆಂದರೆ ಟಿವಿಯಲ್ಲಿ ಅದೇ ಸುದ್ದಿ. ಯಾವುದೋ ದೇಶದಲ್ಲಿ ಹವಾಮಾನ ಸಭೆ, ಇಷ್ಟು ಬಿಲಿಯನ್ ಡಾಲರ್ ಕೊಡುತ್ತೇವೆ ಎಂಬ ಮಾತು, ಕೊನೆಯ ದಿನ ರಾತ್ರಿಯೆಲ್ಲ ಜಗಳ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ಕಡೆಯವನು. ಈ ವಿಷಯ ಓದಿಕೊಂಡಿದ್ದೇನೆ ಅಂತ ಗೊತ್ತಿರುವವರು ಡೇರಿ ಮುಂದೆ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಉತ್ತರ ಇಲ್ಲಿ ಬರೆದಿಟ್ಟಿದ್ದೇನೆ.

ಕ್ಲೈಮೇಟ್ ಫೈನಾನ್ಸ್ ಅಂದರೆ ಏನು?

ಹವಾಮಾನ ಇನ್ನಷ್ಟು ಕೆಡದಂತೆ ತಡೆಯಲು, ಕೆಟ್ಟಿರುವುದರ ಜೊತೆ ಬದುಕು ನಡೆಸಲು ಬೇಕಾದ ದುಡ್ಡು. ಶ್ರೀಮಂತ ದೇಶಗಳಿಂದ ನಮ್ಮಂಥ ದೇಶಗಳಿಗೆ ಬರಬೇಕಾದ ಪಾಲಿನ ಬಗ್ಗೆಯೇ ಆ ಸಭೆಗಳಲ್ಲಿ ಜಗಳ ಆಗುವುದು. ಹೊಗೆ ತಗ್ಗಿಸುವ ಕೆಲಸಕ್ಕೆ ಮಿಟಿಗೇಶನ್ ಎನ್ನುತ್ತಾರೆ: ಸೋಲಾರ್, ಗಾಳಿಯಂತ್ರ, ಎಲೆಕ್ಟ್ರಿಕ್ ಬಸ್ಸು. ಬದಲಾದ ಮಳೆಗೆ ಹೊಂದಿಕೊಳ್ಳುವ ಕೆಲಸ ಅಡಾಪ್ಟೇಶನ್: ಕೆರೆ ಹೂಳೆತ್ತುವುದು, ಕೃಷಿಹೊಂಡ, ಬರ ತಡೆಯುವ ರಾಗಿ. ಏನು ಮಾಡಿದರೂ ತಪ್ಪಿಸಲಾಗದೆ ಆಗಿಹೋದದ್ದಕ್ಕೆ ನಷ್ಟ ಮತ್ತು ಹಾನಿ ಅಂತ ಬೇರೆ ಹೆಸರು. ಈ ಮೂರು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಅವರು ಯಾಕೆ ಕೊಡಬೇಕು? ಇದು ದಾನವಾ?

ದಾನ ಅಲ್ಲವೇ ಅಲ್ಲ. 1992ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದ ಆಯಿತು. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಹಣ ಕೊಡಬೇಕು ಅಂತ ಅದರಲ್ಲೇ ಬರೆದಿದೆ, ಅವರೂ ಒಪ್ಪಿ ಸಹಿ ಹಾಕಿದ್ದಾರೆ. ಕಾರಣವೂ ಸರಳ. ಗಾಳಿಗೆ ಸೇರಿದ ಇಂಗಾಲದ ಅನಿಲ ನೂರಾರು ವರ್ಷ ಅಲ್ಲೇ ಇರುತ್ತದೆ. ಈಗ ಭೂಮಿ ಬಿಸಿ ಆಗುತ್ತಿರುವುದು ಈ ವರ್ಷದ ಹೊಗೆಯಿಂದ ಮಾತ್ರ ಆಗುತ್ತಿಲ್ಲ, ನಮ್ಮ ತಾತ ಮುತ್ತಾತಂದಿರು ಎತ್ತಿನ ಗಾಡಿಯಲ್ಲಿ ಸಂತೆಗೆ ಹೋಗುತ್ತಿದ್ದ ಕಾಲದಲ್ಲಿ ಬೇರೆ ದೇಶದ ಕಾರ್ಖಾನೆಗಳು ಉಗುಳಿದ ಹೊಗೆಯೂ ಅದರಲ್ಲಿ ಸೇರಿದೆ. ಇಲ್ಲಿಯವರೆಗೆ ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಬಂದ ಒಟ್ಟು ಇಂಗಾಲದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಮೆರಿಕ ಒಂದರದೇ.

ಭಾರತವೂ ಈಗ ಹೊಗೆ ಬಿಡುತ್ತದಲ್ಲ?

ಬಿಡುತ್ತದೆ. ವರ್ಷದ ಲೆಕ್ಕದಲ್ಲಿ ಚೀನಾ, ಅಮೆರಿಕ ಬಿಟ್ಟರೆ ನಾವೇ ಮೂರನೆಯವರು. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ತಲೆಗೆ ಎಷ್ಟು ಅಂತ ಹಂಚಿ ನೋಡಿ: ಭಾರತೀಯನಿಗೆ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನಿಗೆ ಸುಮಾರು 14 ಟನ್. ಭಾರತದ ಒಳಗೂ ಎಲ್ಲರದ್ದೂ ಒಂದೇ ಅಲ್ಲ. ಎರಡು ಹಸು, ಒಂದು ಎಕರೆ ರಾಗಿ ಹೊಲ ಇರುವ ಗುಡಿಬಂಡೆಯ ಕುಟುಂಬದ ಪಾಲು ಆ 2 ಟನ್ನಿನ ಹತ್ತಿರಕ್ಕೂ ಹೋಗುವುದಿಲ್ಲ ಅಂತ ನನ್ನ ಅಂದಾಜು. ಮಳೆ ಕೈಕೊಟ್ಟಾಗ ಮೊದಲು ಪೆಟ್ಟು ತಿನ್ನುವುದು ಮಾತ್ರ ಅದೇ ಕುಟುಂಬ.

100 ಬಿಲಿಯನ್ ಕೊಡುತ್ತೇವೆ ಅಂದಿದ್ದರಲ್ಲ, ಕೊಟ್ಟರಾ?

ಮೊದಲು ಲೆಕ್ಕ. ಒಂದು ಬಿಲಿಯನ್ ಅಂದರೆ 100 ಕೋಟಿ. ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ 100 ಬಿಲಿಯನ್ ಡಾಲರ್ ಅಂದರೆ 8.5 ಲಕ್ಷ ಕೋಟಿ ರೂಪಾಯಿ.

2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟರು: 2020ರ ಹೊತ್ತಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಇಟ್ಟ ಲೆಕ್ಕವನ್ನೇ ನೋಡಿದರೂ 2020ರಲ್ಲಿ ಬಂದದ್ದು 83.3 ಬಿಲಿಯನ್, 2021ರಲ್ಲಿ 89.6. ಗಡಿ ದಾಟಿದ್ದು 2022ರಲ್ಲಿ, 115.9 ಬಿಲಿಯನ್. ಅಂದರೆ ಎರಡು ವರ್ಷ ತಡ. ನಮ್ಮ ಸೊಸೈಟಿ ಸಾಲದ ಕಂತು ಎರಡು ತಿಂಗಳು ತಡವಾದರೆ ಮನೆ ಬಾಗಿಲಿಗೆ ನೋಟಿಸ್ ಬರುತ್ತದೆ, ಅಲ್ವಾ? ಇಲ್ಲಿ ನೋಟಿಸ್ ಕೊಡುವವರು ಯಾರೂ ಇಲ್ಲ. ಮಾತು ತಪ್ಪಿದರೆ ದಂಡ ಹಾಕುವ ವ್ಯವಸ್ಥೆಯೇ ಆ ಒಪ್ಪಂದದಲ್ಲಿ ಇಲ್ಲ.

ಅದೆಲ್ಲ ಪುಕ್ಕಟೆ ದುಡ್ಡಾ, ಸಾಲವಾ?

ಈ ಪ್ರಶ್ನೆ ಕೇಳುವವರು ಕಡಿಮೆ, ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಇದೇ. 2022ರಲ್ಲಿ ಬಂದ ಸರ್ಕಾರಿ ಹಣದಲ್ಲಿ ನೂರಕ್ಕೆ ಸುಮಾರು 69 ಪಾಲು ಸಾಲ. ಅನುದಾನ, ಅಂದರೆ ವಾಪಸ್ ಕೊಡಬೇಕಿಲ್ಲದ ದುಡ್ಡು, ನೂರಕ್ಕೆ ಸುಮಾರು 28 ಮಾತ್ರ. ಸಾಲದಲ್ಲಿ ಕಡಿಮೆ ಬಡ್ಡಿಯದ್ದೂ ಇದೆ, ಮಾರುಕಟ್ಟೆ ಬಡ್ಡಿಯದ್ದೂ ಇದೆ. ಲೆಕ್ಕ ಹಾಕುವಾಗ ಸಾಲದ ಪೂರ್ತಿ ಮೊತ್ತವನ್ನೇ ಹಿಡಿಯುತ್ತಾರೆ. ಪಕ್ಕದ ಮನೆಯವನು ಲಕ್ಷ ರೂಪಾಯಿ ಸಾಲ ಕೊಟ್ಟು, ಬಡ್ಡಿ ಸಮೇತ ವಸೂಲಿ ಮಾಡಿಕೊಂಡು, ಊರ ಮುಂದೆ "ನಾನು ಲಕ್ಷ ಸಹಾಯ ಮಾಡಿದೆ" ಅಂದರೆ ಒಪ್ಪುತ್ತೀರಾ? ಬಡ್ಡಿಯಲ್ಲಿ ಬಿಟ್ಟುಕೊಟ್ಟಷ್ಟನ್ನು ಸಹಾಯ ಅನ್ನಬಹುದು. ಆಕ್ಸ್‌ಫ್ಯಾಮ್ ಸಂಸ್ಥೆ ಹಾಗೆಯೇ ಲೆಕ್ಕ ಹಾಕಿ, 2022ರ ಆ 115.9 ಬಿಲಿಯನ್‌ನ ನಿಜವಾದ ಬೆಲೆ ಹೆಚ್ಚೆಂದರೆ 35 ಬಿಲಿಯನ್ ಅಂದಿತು.

ಇನ್ನೊಂದು ತಕರಾರೂ ಇದೆ. ಯಾವುದನ್ನು ಹವಾಮಾನದ ಖರ್ಚು ಅನ್ನಬೇಕು ಅಂತ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ, ಕೊಡುವ ದೇಶವೇ ಬರೆದುಕೊಳ್ಳುತ್ತದೆ. 2023ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಈ ಪಟ್ಟಿಗಳನ್ನು ಕೆದಕಿ ನೋಡಿತು. ಹೈಟಿಯ ಒಂದು ಹೋಟೆಲ್ ವಿಸ್ತರಣೆಗೆ ಅಮೆರಿಕ ಕೊಟ್ಟ ಸಾಲ, ಏಷ್ಯಾದಲ್ಲಿ ಚಾಕೊಲೇಟ್ ಮತ್ತು ಐಸ್‌ಕ್ರೀಮ್ ಅಂಗಡಿ ತೆರೆಯಲು ಇಟಲಿ ಕೊಟ್ಟ ನೆರವು, ಬಾಂಗ್ಲಾದೇಶದ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಜಪಾನ್ ಕೊಟ್ಟ ಸಾಲ ಎಲ್ಲ ಹವಾಮಾನದ ಹೆಸರಲ್ಲೇ ಇದ್ದವು. ಕಲ್ಲಿದ್ದಲು ಸುಡುವುದಕ್ಕೂ ಹವಾಮಾನದ ಹಣ! ಇದನ್ನು ಓದಿದ ದಿನ ನನಗೆ ನಿಜವಾಗಿ ಸಿಟ್ಟು ಬಂದಿತ್ತು, ಇವತ್ತಿಗೂ ಹೋಗಿಲ್ಲ.

ಬಾಕುನಲ್ಲಿ 300 ಬಿಲಿಯನ್ ಆಯಿತಂತೆ? ಅದು ಜಾಸ್ತಿ ಅಲ್ವಾ?

2024ರ ನವೆಂಬರ್‌ನಲ್ಲಿ ಅಜರ್‌ಬೈಜಾನ್‌ನ ಬಾಕು ನಗರದಲ್ಲಿ ಹೊಸ ಗುರಿ ಬರೆದರು. 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ 25 ಲಕ್ಷ ಕೋಟಿಗೂ ಜಾಸ್ತಿ. ಬಡ ದೇಶಗಳು ಕೇಳಿದ್ದು 1.3 ಟ್ರಿಲಿಯನ್, ಅಂದರೆ 110 ಲಕ್ಷ ಕೋಟಿ. ಆ ಅಂಕಿಯೂ ಕಾಗದದಲ್ಲಿದೆ, ಆದರೆ ಎಲ್ಲರೂ ಸೇರಿ, ಖಾಸಗಿಯವರೂ ಸೇರಿ ಅಷ್ಟು ಮುಟ್ಟಲು ದುಡಿಯಬೇಕು ಎಂಬ ಕರೆಯ ರೂಪದಲ್ಲಿ. ಕರೆಯಿಂದ ಕೆರೆ ತುಂಬುವುದಿಲ್ಲ. ಸಭಾಪತಿ ಸುತ್ತಿಗೆ ಕುಟ್ಟಿ ಒಪ್ಪಿಗೆಯಾಯಿತು ಅಂದ ಮೇಲೆ ಭಾರತದ ಪರವಾಗಿ ಚಾಂದನಿ ರೈನಾ ಎದ್ದು ನಿಂತು, ಇದೊಂದು ಕಣ್ಕಟ್ಟು, ನಾವು ಒಪ್ಪುವುದಿಲ್ಲ ಎಂಬ ಅರ್ಥದಲ್ಲಿ ಕಟುವಾಗಿಯೇ ಮಾತಾಡಿದರು. ತೀರ್ಮಾನ ಬದಲಾಗಲಿಲ್ಲ.

ಹನ್ನೊಂದು ವರ್ಷದಲ್ಲಿ ಬೆಲೆ ಏರಿಕೆ ಎಷ್ಟಿರುತ್ತದೆ ಅಂತಲೂ ಯೋಚನೆ ಮಾಡಿ. ಬೋರ್‌ವೆಲ್ ಕೊರೆಯಲು ಅಡಿಗೆ ಎಷ್ಟು ಇತ್ತು, ಈಗ ಎಷ್ಟಿದೆ ಅಂತ ಗೊತ್ತಿರುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೋಲಾರ್‌ಗೆ ಅಷ್ಟೊಂದು ದುಡ್ಡು ಸಿಗುತ್ತದೆ, ಕೆರೆಗೆ ಯಾಕೆ ಸಿಗುವುದಿಲ್ಲ?

ಸೋಲಾರ್ ದುಡ್ಡು ವಾಪಸ್ ಕೊಡುತ್ತದೆ. ಕೆರೆ ನೀರು ಕೊಡುತ್ತದೆ, ಆದರೆ ಬ್ಯಾಂಕಿಗೆ ಕಂತು ಕಟ್ಟುವುದಿಲ್ಲ. ಪೂರ್ತಿ ಕಥೆ ಇಷ್ಟೇ.

ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಿ ನೋಡಿ. ತಿರುಮಣಿ, ವಳ್ಳೂರು, ಬಳಸಮುದ್ರ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಸ್ವಲ್ಪ ಏರಿಕೆ. ಮೇಲಿಂದ ಮೇಲೆ ಬರ ಕಂಡು ಶೇಂಗಾ ಬೆಳೆದು ಸೋತಿದ್ದವರಿಗೆ ಅದು ದೊಡ್ಡ ಆಸರೆ, ನಾನು ಅಲ್ಲಗಳೆಯುವುದಿಲ್ಲ. ಹಣ ಹಾಕುವವರಿಗಂತೂ ಲೆಕ್ಕ ಬಲು ಸುಲಭ: ಬಿಸಿಲು ಗ್ಯಾರಂಟಿ, ವಿದ್ಯುತ್ ಕೊಳ್ಳಲು 25 ವರ್ಷದ ಒಪ್ಪಂದ, ಬಡ್ಡಿ ಸಮೇತ ಅಸಲು ಬರುತ್ತದೆ. ಅದೇ ಊರುಗಳಲ್ಲಿ ಜಮೀನೇ ಇಲ್ಲದೆ ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣ ಎಲ್ಲಿಂದ ಬರಬೇಕು? ಗುತ್ತಿಗೆ ಪತ್ರದಲ್ಲಿ ಅವರ ಹೆಸರಿಲ್ಲ.

ಈಗ ಎದುರಿಗೆ ಒಂದು ಕೆರೆ ಇಡಿ. ಹೂಳೆತ್ತಿದರೆ ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬರುತ್ತದೆ, ಕುರಿಗಳಿಗೆ ಕುಡಿಯಲು ಸಿಗುತ್ತದೆ, ಒಂದು ಮಳೆ ತಪ್ಪಿದರೂ ರಾಗಿ ಬದುಕುತ್ತದೆ. ಲಾಭ ಎಲ್ಲರಿಗೂ ಹಂಚಿಹೋಗುತ್ತದೆ. ಹಂಚಿಹೋದ ಲಾಭದ ಮೇಲೆ ಬಡ್ಡಿ ಹಾಕಲು ಆಗುವುದಿಲ್ಲ, ಹಾಗಾಗಿ ಸಾಲ ಕೊಡುವವರು ಈ ಕಡೆ ತಿರುಗಿ ನೋಡುವುದು ಕಡಿಮೆ. 2022ರ 115.9 ಬಿಲಿಯನ್‌ನಲ್ಲಿ ಅಡಾಪ್ಟೇಶನ್‌ಗೆ ಸಿಕ್ಕಿದ್ದು 32.4 ಬಿಲಿಯನ್. ಕೋಲಾರ, ಚಿಕ್ಕಬಳ್ಳಾಪುರಕ್ಕೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ನಂದಿಬೆಟ್ಟದ ಸುತ್ತ ಪೆನ್ನಾರ್, ಪಾಲಾರ್, ಚಿತ್ರಾವತಿ ಎಲ್ಲ ಹುಟ್ಟುತ್ತವೆ, ಆದರೆ ನಮ್ಮಲ್ಲಿ ಬಹುಪಾಲು ಒಣಗಿದ ಹಳ್ಳಗಳೇ. ನಮ್ಮ ಮನೆಯ ಮೂರನೇ ಬೋರ್‌ವೆಲ್ 1,200 ಅಡಿಗೆ ಹೋಗಿದೆ, ಮೊದಲ ಎರಡರಲ್ಲಿ ಧೂಳು ಬಂತು. ಆ ಸಾಲ ತೀರಲು ನಮ್ಮಪ್ಪನಿಗೆ ಒಂಬತ್ತು ವರ್ಷ ಬೇಕಾಯಿತು. ನಮಗೆ ಬೇಕಿರುವುದು ಕೆರೆ ಉಳಿಸುವ ಅನುದಾನ. ಇದನ್ನು ನಾನು ಯಾರ ಮುಂದೆಯೂ ಗಟ್ಟಿಯಾಗಿ ಹೇಳುತ್ತೇನೆ.

ಈ ದುಡ್ಡು ಯಾರ ಕೈಯಲ್ಲಿ ಇರುತ್ತದೆ?

ಒಂದೇ ಪೆಟ್ಟಿಗೆ ಇಲ್ಲ. ಹೆಚ್ಚಿನದು ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್ ಥರದವರ ಮೂಲಕ, ಇಲ್ಲವೇ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ನೇರವಾಗಿ ಹೋಗುತ್ತದೆ. ಹವಾಮಾನಕ್ಕೆಂದೇ ಕಟ್ಟಿದ ನಿಧಿಗಳಲ್ಲಿ ದೊಡ್ಡದು ಹಸಿರು ಹವಾಮಾನ ನಿಧಿ. 2010ರಲ್ಲಿ ತೀರ್ಮಾನವಾಯಿತು, ಕಚೇರಿ ದಕ್ಷಿಣ ಕೊರಿಯಾದ ಸಾಂಗ್ಡೊದಲ್ಲಿದೆ. ಅದಕ್ಕಿಂತ ಚಿಕ್ಕದು ಅಡಾಪ್ಟೇಶನ್ ಫಂಡ್. ಭಾರತದಲ್ಲಿ ಈ ಎರಡಕ್ಕೂ ಯೋಜನೆ ಕಳಿಸುವ ಮಾನ್ಯತೆ ನಬಾರ್ಡ್‌ಗೆ ಇದೆ. ಹಸಿರು ನಿಧಿಯ ವಿಷಯದಲ್ಲಿ ಭಾರತ ಸರ್ಕಾರದ ಪರವಾಗಿ ಒಪ್ಪಿಗೆ ಕೊಡುವುದು ಕೇಂದ್ರ ಪರಿಸರ ಸಚಿವಾಲಯ.

ಒಂದು ಉದಾಹರಣೆ ಹೇಳುತ್ತೇನೆ, ನಮ್ಮವರು ಗಮನಿಸಬೇಕಾದದ್ದು. ಒಡಿಶಾದ ಬುಡಕಟ್ಟು ಪ್ರದೇಶಗಳಲ್ಲಿ ಕೆರೆಗಳ ಮೂಲಕ ಅಂತರ್ಜಲ ಇಂಗಿಸಲು, ಸೋಲಾರ್ ಪಂಪ್ ಹಾಕಲು ಹಸಿರು ನಿಧಿ 2017ರಲ್ಲಿ ಸುಮಾರು 34 ಮಿಲಿಯನ್ ಡಾಲರ್ (ಒಂದು ಮಿಲಿಯನ್ ಅಂದರೆ 10 ಲಕ್ಷ) ಒಪ್ಪಿತು. ಅದು ಪೂರ್ತಿ ಅನುದಾನ. ಹೋಗಿದ್ದು ನಬಾರ್ಡ್ ಮೂಲಕವೇ. ಕೆರೆಗೆ ದುಡ್ಡು ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ಇದನ್ನು ತೋರಿಸಿ. ಸಾವಿರಾರು ಕೆರೆಗಳ ಕೋಲಾರ ಸೀಮೆಗೆ ಇಂಥದ್ದು ಯಾಕೆ ಕೇಳಬಾರದು?

ನಮ್ಮ ಕಡೆಗೆ ಈ ದುಡ್ಡು ಯಾವತ್ತಾದರೂ ಬಂದಿದೆಯಾ?

ಬಂದಿದೆ, ಅದೂ ಬಾಗೇಪಲ್ಲಿಯ ಅಡುಗೆಮನೆಗಳಿಗೆ. ಬಹಳ ಜನಕ್ಕೆ ಗೊತ್ತಿಲ್ಲ.

1997ರ ಕ್ಯೋಟೊ ಒಪ್ಪಂದದಲ್ಲಿ ಸಿಡಿಎಂ ಎಂಬ ಏರ್ಪಾಡು ಇತ್ತು. ಬಡ ದೇಶದಲ್ಲಿ ಹೊಗೆ ತಗ್ಗಿಸುವ ಕೆಲಸ ಮಾಡಿದರೆ, ತಗ್ಗಿದ ಪ್ರತಿ ಟನ್ನಿಗೆ ಒಂದು ಕಾರ್ಬನ್ ಕ್ರೆಡಿಟ್ ಸಿಗುತ್ತದೆ, ಅದನ್ನು ಶ್ರೀಮಂತ ದೇಶದವರು ಕೊಂಡುಕೊಳ್ಳುತ್ತಾರೆ. ಬಾಗೇಪಲ್ಲಿಯ ಅಡಾಟ್ಸ್ ಸಂಸ್ಥೆ ಮತ್ತು ಕೂಲಿ ಸಂಘ ಸೇರಿ 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟಿಸುವ ಯೋಜನೆ ಮಾಡಿದರು. 2005ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ನೋಂದಣಿ ಆಯಿತು. ಆಗ ಚಿಕ್ಕಬಳ್ಳಾಪುರ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ, ಅದಕ್ಕೆ ಹಳೆಯ ಕಾಗದಗಳಲ್ಲಿ ಕೋಲಾರ ಜಿಲ್ಲೆ ಅಂತಲೇ ಇದೆ. ಒಂದೊಂದೂ 2 ಘನ ಮೀಟರ್ ಗಾತ್ರದ್ದು, ಒಂದೆರಡು ದನ ಇರುವ ಮನೆಗೆ ಸಾಕಾಗುವಂಥದ್ದು. ಸೌದೆ, ಸೀಮೆಎಣ್ಣೆ ಬದಲು ಸೆಗಣಿ ಗ್ಯಾಸ್.

ನನಗೆ ಇದರಲ್ಲಿ ಇಷ್ಟವಾಗುವುದು ಒಂದು ವಿಷಯ. ದುಡ್ಡಿನ ದಾರಿ ಪೂರ್ತಿ ಕಾಣುತ್ತದೆ. ಯುರೋಪಿನ ಕಡೆಯಿಂದ ಹೊರಟ ಹಣ ಒಬ್ಬ ಕೂಲಿ ಹೆಂಗಸಿನ ಒಲೆಯಲ್ಲಿ ನೀಲಿ ಉರಿಯಾಗಿ ಕಾಣಿಸುತ್ತದೆ, ಅವಳು ಸೌದೆಗೆ ಗುಡ್ಡ ಹತ್ತುವುದು ತಪ್ಪುತ್ತದೆ, ಹೊಗೆಯಿಂದ ಕಣ್ಣುರಿ ತಪ್ಪುತ್ತದೆ. ಕಷ್ಟವೂ ಇತ್ತು. ಎಷ್ಟು ಒಲೆ ನಿಜವಾಗಿ ಉರಿಯುತ್ತಿದೆ ಅಂತ ಲೆಕ್ಕ ಇಡಬೇಕು, ಹೊರಗಿನವರು ಬಂದು ಪರೀಕ್ಷೆ ಮಾಡಬೇಕು, ಆಮೇಲೆ ಕ್ರೆಡಿಟ್. ಅದರ ಮೇಲೆ ಬೆಲೆಯ ಏರಿಳಿತ. 2008ರ ಸುಮಾರಿಗೆ ಟನ್ನಿಗೆ 20 ಯೂರೊ ಆಸುಪಾಸು ಇದ್ದ ಸಿಡಿಎಂ ಕ್ರೆಡಿಟ್ ಬೆಲೆ 2012ರ ಕೊನೆಗೆ ಒಂದು ಯೂರೊಗಿಂತ ಕೆಳಗೆ ಬಿತ್ತು. ಕೋಲಾರದ ಮಂಡಿಯಲ್ಲಿ ಟೊಮೆಟೊ ಬೆಲೆ ಬೀಳುವುದನ್ನು ನೋಡಿದವರಿಗೆ ಇದರ ಅರ್ಥ ಆಗುತ್ತದೆ.

ಸುಜಲ ಜಲಾನಯನ ಯೋಜನೆಯೂ ಇದೇ ದುಡ್ಡಾ?

ವಿಶ್ವಬ್ಯಾಂಕಿನ ಸಾಲ. 2001ರಲ್ಲಿ ಶುರುವಾದ ಮೊದಲ ಹಂತದಲ್ಲಿ ಕೋಲಾರ, ತುಮಕೂರು ಎರಡೂ ಇದ್ದವು, ಜೊತೆಗೆ ಚಿತ್ರದುರ್ಗ, ಹಾವೇರಿ, ಧಾರವಾಡ. ಆಗ ಅದನ್ನು ಬಡತನ ನೀಗಿಸುವ, ಮಣ್ಣು ನೀರು ಉಳಿಸುವ ಯೋಜನೆ ಅಂತ ಕರೆದರು. ಇವತ್ತು ಅದೇ ಬದು, ಅದೇ ಚೆಕ್ ಡ್ಯಾಂ ಕಟ್ಟಿದರೆ ಹವಾಮಾನದ ಹಣ ಅಂತ ಬರೆಯಬಹುದು. 1992ರ ಒಪ್ಪಂದದಲ್ಲಿ ಹೊಸ ಮತ್ತು ಹೆಚ್ಚುವರಿ ಹಣ ಅಂತ ಸ್ಪಷ್ಟವಾಗಿ ಇದೆ. ಮೊದಲು ಕೊಡುತ್ತಿದ್ದ ನೆರವಿಗೇ ಹೆಸರು ಬದಲಿಸಿದರೆ ಅದು ಹೆಚ್ಚುವರಿ ಹೇಗಾಗುತ್ತದೆ?

ಕೆ.ಸಿ. ವ್ಯಾಲಿ ನೀರು?

ಅದು ರಾಜ್ಯ ಸರ್ಕಾರದ ದುಡ್ಡು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತವೂ ಬೇಕು ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು. ವಿದೇಶಿ ಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಾಗೆಯೇ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಬರ ತಡೆಯುವ ಬೇಸಾಯದ ಪ್ರಯೋಗ ನಡೆಯಿತಲ್ಲ, ಅದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ನಿಕ್ರಾ ಯೋಜನೆಯದು. ಹವಾಮಾನಕ್ಕೆ ಹೊಂದಿಕೊಳ್ಳಲು ನಮ್ಮ ಹಳ್ಳಿಗಳಲ್ಲಿ ಈಗ ನಡೆಯುತ್ತಿರುವ ಕೆಲಸದಲ್ಲಿ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಹೆಚ್ಚಾಗಿ ನಮ್ಮದೇ ತೆರಿಗೆ ದುಡ್ಡು.

ಬೆಳೆ ಹಾಳಾದರೆ ಆ ನಷ್ಟ ಮತ್ತು ಹಾನಿ ನಿಧಿಯಿಂದ ಪರಿಹಾರ ಸಿಗುತ್ತಾ?

ಸದ್ಯಕ್ಕೆ ಅದನ್ನು ನಂಬಿ ಕೂರಬೇಡಿ. 2021ರ ನವೆಂಬರ್ ಮಳೆ ನೆನಪಿದೆಯಾ? ಎಷ್ಟೋ ವರ್ಷದ ನಂತರ ಕೆರೆಗಳು ಕೋಡಿ ಬಿದ್ದವು, ಖುಷಿ ಪಡುವಷ್ಟರಲ್ಲಿ ಕೊಯ್ಲಿಗೆ ನಿಂತಿದ್ದ ರಾಗಿ ತೆನೆಯಲ್ಲೇ ಮೊಳಕೆ ಬಂತು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳಲ್ಲಿ ಬರ. ಇಂಥದ್ದಕ್ಕೇ ಆ ನಿಧಿ ಇರಬೇಕು. ಸಮುದ್ರದಲ್ಲಿ ಮುಳುಗುವ ಭಯದಲ್ಲಿರುವ ದ್ವೀಪ ದೇಶಗಳು 1991ರಿಂದ ಕೇಳುತ್ತಿದ್ದವು, 2022ರಲ್ಲಿ ಈಜಿಪ್ಟಿನ ಸಭೆಯಲ್ಲಿ ಒಪ್ಪಿದರು, 2023ರಲ್ಲಿ ದುಬೈನಲ್ಲಿ ನಿಧಿ ಶುರುವಾಯಿತು. ಅಲ್ಲಿ ಎಲ್ಲರೂ ಸೇರಿ ಒಪ್ಪಿದ ಹಣ ಸುಮಾರು 700 ಮಿಲಿಯನ್ ಡಾಲರ್, ಅಂದರೆ 6,000 ಕೋಟಿ ರೂಪಾಯಿ ಹತ್ತಿರ. ಇಡೀ ಜಗತ್ತಿಗೆ.

ಹೋಲಿಸಿ ನೋಡಿ. 2023ರ ಬರಕ್ಕೆ ಕರ್ನಾಟಕ ಒಂದೇ ಕೇಂದ್ರದಿಂದ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಬಂದದ್ದು 3,454 ಕೋಟಿ. ಕೇಳುವವರಿಗೂ ಕೊಡುವವರಿಗೂ ನಡುವಿನ ಈ ಜಗಳ ದೇಶದ ಒಳಗೂ ಇದೆ, ಜಗತ್ತಿನಲ್ಲೂ ಇದೆ. ನಿಮ್ಮ ಬೆಳೆಯ ಮಟ್ಟಿಗೆ ಫಸಲ್ ಬಿಮಾ ಕಂತು ಕಟ್ಟಿ: ಮುಂಗಾರಿನ ಧಾನ್ಯ, ಎಣ್ಣೆಕಾಳಿಗೆ ರೈತನ ಪಾಲು ವಿಮೆ ಮಾಡಿಸಿದ ಮೊತ್ತದಲ್ಲಿ ನೂರಕ್ಕೆ 2, ತೋಟದ ಬೆಳೆಗೆ 5. ಕಟ್ಟಿದ ರಸೀದಿ ಜೋಪಾನವಾಗಿಡಿ.

ಕಾರ್ಬನ್ ಕಂಪನಿಯವರು ತೋಟಕ್ಕೆ ಬಂದಿದ್ದಾರೆ. ಸಹಿ ಹಾಕಲಾ?

ಅವಸರ ಬೇಡ. ಶ್ರೀನಿವಾಸಪುರದ ಹತ್ತಿರ ನಮ್ಮ ಸೋದರಮಾವನ ಮಾವಿನ ತೋಟಕ್ಕೂ ಒಬ್ಬರು ಬಂದಿದ್ದರು. ಮರಗಳು ಹೀರುವ ಇಂಗಾಲ ಮಾರಿ ದುಡ್ಡು ಕೊಡುತ್ತೇವೆ ಅಂದರು. ಹನ್ನೆರಡು ಪುಟದ ಕರಾರು, ಪೂರ್ತಿ ಇಂಗ್ಲಿಷ್. ಓದಿ ನೋಡಿದರೆ ಮೂವತ್ತು ವರ್ಷ ಮರ ಕಡಿಯುವ ಹಾಗಿಲ್ಲ, ಮಧ್ಯೆ ಬಿಟ್ಟರೆ ದಂಡ, ಕ್ರೆಡಿಟ್ಟಿಗೆ ಎಷ್ಟು ಕೊಡುತ್ತಾರೆ ಎಂಬ ಜಾಗದಲ್ಲಿ ಅಂಕಿಯೇ ಇಲ್ಲ. ಮಾವ ಸಹಿ ಹಾಕಲಿಲ್ಲ. ಎಲ್ಲರೂ ಮೋಸಗಾರರು ಅಂತ ನಾನು ಹೇಳುವುದಿಲ್ಲ, ಬಾಗೇಪಲ್ಲಿಯ ಕೆಲಸ ನಮ್ಮ ಕಣ್ಣ ಮುಂದೆಯೇ ಇದೆ. ಆದರೆ ಕರಾರು ಕನ್ನಡದಲ್ಲಿ ಕೇಳಿ. ಎಷ್ಟು ವರ್ಷ, ಬೆಲೆ ಬಿದ್ದರೆ ಯಾರಿಗೆ ನಷ್ಟ, ಪರೀಕ್ಷೆಯ ಖರ್ಚು ಯಾರದು, ಜಮೀನು ಮಾರಬೇಕಾದರೆ ಏನು ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕೊಡದಿದ್ದರೆ ವಾಪಸ್ ಕಳಿಸಿ.

ಅಮೆರಿಕ ಹೊರಗೆ ಹೋಯಿತಲ್ಲ, ಈಗೇನು?

2025ರ ಜನವರಿಯಲ್ಲಿ, ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳು ಸೇರಿ ಮಾಡಿಕೊಂಡ ಪ್ಯಾರಿಸ್ ಒಪ್ಪಂದ ಬಿಡುವುದಾಗಿ ಘೋಷಿಸಿತು, ಹಸಿರು ನಿಧಿಗೆ ಕೊಡುತ್ತೇನೆ ಅಂದು ಇನ್ನೂ ಕೊಡದಿದ್ದ 4 ಬಿಲಿಯನ್ ಡಾಲರ್ ಮಾತನ್ನೂ ಹಿಂತೆಗೆದುಕೊಂಡಿತು. ಪೆಟ್ಟು ಸಣ್ಣದಲ್ಲ. ಅದೇ ವರ್ಷದ ಕೊನೆಗೆ ಬ್ರೆಜಿಲ್‌ನ ಬೆಲೆಮ್‌ನಲ್ಲಿ ನಡೆದ ಹವಾಮಾನ ಸಭೆಯಲ್ಲಿ, 2035ರ ಹೊತ್ತಿಗೆ ಅಡಾಪ್ಟೇಶನ್ ಹಣ ಮೂರು ಪಟ್ಟು ಆಗಬೇಕು ಎಂಬ ಮಾತು ಬಂತು. ಕೆರೆ ಸೀಮೆಯವರಾದ ನಾವು ಹಿಡಿದುಕೊಳ್ಳಬೇಕಾದ ಸಾಲು ಇದು.

ನಮ್ಮ ಪಂಚಾಯಿತಿ ನೇರವಾಗಿ ಅರ್ಜಿ ಹಾಕಬಹುದಾ?

ಹಸಿರು ನಿಧಿಗೆ ನೇರವಾಗಿ ಆಗುವುದಿಲ್ಲ, ಮಾನ್ಯತೆ ಇರುವ ನಬಾರ್ಡ್‌ನಂಥ ಸಂಸ್ಥೆಯೇ ಕಳಿಸಬೇಕು. ಆದರೆ ಅವರು ಯೋಜನೆ ಬರೆಯುವಾಗ ಮಾಹಿತಿ ಬೇಕಲ್ಲ, ಅದು ನಮ್ಮ ಹತ್ತಿರವೇ ಇರುವುದು. ನಮ್ಮೂರಲ್ಲಿ ಹೋದ ವರ್ಷ ನಾಲ್ಕು ಜನ ಹುಡುಗರು, ಇಬ್ಬರು ಸ್ತ್ರೀಶಕ್ತಿ ಸಂಘದವರು ಸೇರಿ ಒಂದು ನೋಟ್‌ಬುಕ್ ಮಾಡಿದೆವು. ಊರಲ್ಲಿ ಎಷ್ಟು ಬೋರ್‌ವೆಲ್, ಯಾವ ವರ್ಷ ಕೊರೆದದ್ದು, ಎಷ್ಟು ಅಡಿ, ಯಾವುದು ಬತ್ತಿದೆ, ಕೆರೆಗೆ ನೀರು ತರುವ ರಾಜಕಾಲುವೆ ಎಲ್ಲಿ ಮುಚ್ಚಿಹೋಗಿದೆ, ಯಾವ ವರ್ಷ ಕೋಡಿ ಬಿತ್ತು. ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ಬರೆಸಿದೆವು. ಒಂದು ಪ್ರತಿ ತಾಲ್ಲೂಕು ಪಂಚಾಯಿತಿಗೆ, ಒಂದು ನಬಾರ್ಡ್‌ನ ಜಿಲ್ಲಾ ಅಧಿಕಾರಿಗೆ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ನಲವತ್ತೊಂದು ಬೋರ್‌ವೆಲ್‌ಗಳಲ್ಲಿ ಇಪ್ಪತ್ತಾರು ಬತ್ತಿವೆ ಅಂತ ನಮಗೇ ಗೊತ್ತಾದದ್ದು ಆ ನೋಟ್‌ಬುಕ್‌ನಿಂದ. ಈ ಬೇಸಿಗೆಯಲ್ಲಿ ರಾಜಕಾಲುವೆಯ ಅಳತೆ ಮಾಡುತ್ತಿದ್ದೇವೆ.